ನೀರು ಕೊಡದ ಪೊರ್ಬುಗಳು

ಹಿಂದಿನ ಬಾಗಿಲಿನ ಹತ್ತಿರ ನಿಂತು, ಮುಂದಿನ ಸೀಟಿನಲ್ಲಿ ಯಾರೋ ನೆಲಗಡಲೆಯ ಸಿಪ್ಪೆ ಒಡೆದ ಸದ್ದನ್ನು ಕೇಳಬಲ್ಲ ಕಿವಿ ಕಂಡಕ್ಟರ್ ಲೊರ್ಸು ಪೊರ್ಬುಗಳದ್ದು. ಕ್ರಿಶ್ಚಿಯನ್ನರನ್ನು ನಮ್ಮ ಕಡೆ ಗೌರವದಿಂದ ಪೊರ್ಬುಗಳು ಎನ್ನುವುದು ವಾಡಿಕೆ. ಎಂಜಿನ್ನಿನ ಗದ್ದಲ, ಕಿಟಕಿಗಳ ಗಡಗಡ, ಮಟ್ಟುವಿನಿಂದ ಗುಳ್ಳ ಬದನೆಯ ಗೋಣಿ ತಂದವರಿಗೂ ಶಂಕರಪುರದ ಮಲ್ಲಿಗೆಯವರಿಗೂ ಜಾಗಕ್ಕಾಗಿ ನಡೆಯುವ ಮಾತಿನ ಚಕಮಕಿ, ಇಷ್ಟರ ನಡುವಿನಿಂದಲೂ ಆ ಒಂದು ಸದ್ದು ಅವರನ್ನು ತಲುಪುತ್ತಿತ್ತು. ಟಿಕೇಟು ಹರಿಯುವ ಕೈ ಅಲ್ಲೇ ನಿಲ್ಲುತ್ತಿತ್ತು. ಉದ್ದಕ್ಕೆ, ಸಪೂರಕ್ಕೆ, ತುಸು ಮುಂದಕ್ಕೆ ಬಾಗಿದ ಆ ಮನುಷ್ಯ ಜನರ ನಡುವೆ ದಾರಿ ಮಾಡಿಕೊಂಡು ಬಂದು, ತಿನ್ನುವವರ ಎದುರು ನಿಂತು, ಡ್ರೈವರನ ತಲೆಯ ಮೇಲಿನ ಹಲಗೆಯತ್ತ ಬೆರಳು ತೋರಿಸುತ್ತಿದ್ದರು.

"ತಿನ್ನಲಿಕ್ಕೆ ಇಲ್ಲ, ಕುಡಿಯಲಿಕ್ಕೆ ಇಲ್ಲ. ಯಾರಿಗೂ ಇಲ್ಲ."

ಧ್ವನಿ ಏರುತ್ತಿರಲಿಲ್ಲ. ಆದರೆ ಎದುರಿನವರು ಪೊಟ್ಟಣ ಮಡಚಿ ಒಳಗಿಡುವವರೆಗೆ ಅವರು ಅಲ್ಲಿಂದ ಕದಲುತ್ತಲೂ ಇರಲಿಲ್ಲ.

ನಾನು ಆ ಬಸ್ಸು ಹತ್ತತೊಡಗಿದ್ದು ಐವತ್ತರ ದಶಕದ ಕೊನೆಯಲ್ಲಿ, ಬೈಲೂರಿನ ಶಾಲೆಗೆ ಟೀಚರಾಗಿ ಸೇರಿದ ಮೇಲೆ. ನಮ್ಮ ಮನೆ ಅಲೆವೂರು. ಬೆಳಿಗ್ಗೆ ಗುಡ್ಡ ಹತ್ತಿ ಮಣಿಪಾಲಕ್ಕೆ ಬಂದು ನಿಂತರೆ, ಕಾಪುವಿನಿಂದ ಹೊರಟು ಉಡುಪಿಗೆ ಬಂದು ಕಾರ್ಕಳಕ್ಕೆ ಹೋಗುವ ಆ ಬಸ್ಸು ಸಿಗುತ್ತಿತ್ತು. ಮೊದಲ ವಾರವೇ ಒಂದು ವಿಚಿತ್ರ ಗಮನಿಸಿದೆ. ಪೊರ್ಬುಗಳು ಬೆರಳು ತೋರಿಸುವ ಹಲಗೆಯಲ್ಲಿ ಏನೂ ಬರೆದಿರಲಿಲ್ಲ. ಬರೇ ಹಸಿರು ಪೈಂಟು. ಓದಲು ಬಾರದವರು ಅಲ್ಲಿ ಏನೋ ಬರೆದಿದೆಯೆಂದು ನಂಬಿ ಸುಮ್ಮನಾಗುತ್ತಿದ್ದರು. ಓದಬಲ್ಲವರು ಒಮ್ಮೆ ಹಲಗೆಯನ್ನು, ಒಮ್ಮೆ ಅವರ ಮುಖವನ್ನು ನೋಡಿ, ಯಾಕೋ ಅವರೂ ಸುಮ್ಮನಾಗುತ್ತಿದ್ದರು.

ಹಿಂದೆ ಅಲ್ಲಿ ಬೋರ್ಡು ಇತ್ತಂತೆ. ಬಸ್ಸು ಹೊಸತರಲ್ಲಿ, ಸೀಟು ಹಾಳಾಗಬಾರದೆಂದು ಧಣಿಗಳೇ ಬರೆಸಿದ್ದು: ಬಸ್ಸಿನೊಳಗೆ ತಿನ್ನಬಾರದು, ಕುಡಿಯಬಾರದು, ಉಗುಳಬಾರದು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಲೊರ್ಸು ಪೊರ್ಬುಗಳು ಸ್ವತಃ ಕಿಸೆಯಲ್ಲಿ ಹುರಿಗಡಲೆ ಇಟ್ಟುಕೊಂಡು, ಟಿಕೇಟು ಕೊಡುತ್ತಾ ಮೆಲ್ಲುತ್ತಿದ್ದ ಕಾಲ ಅದು ಎಂದು ಡ್ರೈವರ್ ಬಾಬಣ್ಣ ಹೇಳಿದಾಗ ನನಗೆ ನಂಬಲಿಕ್ಕೆ ಆಗಲಿಲ್ಲ. ಆಮೇಲೆ ಒಂದು ದಿನ, ಇದ್ದಕ್ಕಿದ್ದಂತೆ, ಅವರು ಆ ಬೋರ್ಡಿನ ಕಾವಲುಗಾರರಾಗಿಬಿಟ್ಟರು. ಯಾಕೆ ಎಂದು ಕೇಳಿದರೆ ಬಾಬಣ್ಣ ಗೇರು ಬದಲಾಯಿಸಿ ರಸ್ತೆ ನೋಡುತ್ತಿದ್ದ.

ಬೋರ್ಡು ಹೋದದ್ದು ಒಬ್ಬ ಹೆಗ್ಡೆಯವರಿಂದ. ಹಿರಿಯಡ್ಕದ ಕಡೆಯ ದೊಡ್ಡ ಮನೆತನದವರು, ಧಣಿಗಳ ಸ್ನೇಹಿತರು. ಮುಂದಿನ ಸೀಟಿನಲ್ಲಿ ಕುಳಿತು ಕಿತ್ತಳೆ ಸುಲಿದರು. ಪೊರ್ಬುಗಳು ವಿಸಿಲ್ ಊದಿ, ಪರ್ಕಳದ ಇಳಿಜಾರಿನಲ್ಲಿ ಬಸ್ಸು ನಿಲ್ಲಿಸಿ, ಕೆಳಗೆ ಇಳಿದು ನಿಧಾನವಾಗಿ ತಿಂದು ಬನ್ನಿ, ನಾವು ಕಾಯುತ್ತೇವೆ ಎಂದರಂತೆ. ಹೆಗ್ಡೆಯವರು ಇಳಿಯಲಿಲ್ಲ, ಬಸ್ಸು ಹೊರಡಲಿಲ್ಲ. ಕೊನೆಗೆ ಕಿತ್ತಳೆಯನ್ನು ಕಿಟಕಿಯಿಂದ ಹೊರಗೆ ಎಸೆದದ್ದು ಹೆಗ್ಡೆಯವರೇ. ಮರುದಿನ ಧಣಿಗಳು ಪೊರ್ಬುಗಳನ್ನು ಕರೆಸಿ ಬೈದರು. ಜನ ನಮ್ಮ ಬಸ್ಸು ಬಿಟ್ಟು ಹಿಂದೆ ಬರುವ ಬಸ್ಸಿಗೆ ಹೋಗುತ್ತಿದ್ದಾರೆ, ಬೋರ್ಡಿದ್ದರೆ ತಾನೇ ನಿನ್ನ ಈ ಹಟ ಎಂದು, ಮುಂದಿನ ಸಲ ಪೈಂಟು ಹೊಡೆಸುವಾಗ ಅದನ್ನು ಅಳಿಸಿಬಿಟ್ಟರು. ಬೋರ್ಡು ಹೋಯಿತು, ಬೆರಳು ಉಳಿಯಿತು. ಒಳ್ಳೆಯ ಕಂಡಕ್ಟರು, ಬೇರೆ ಒಂದು ದೂರೂ ಇಲ್ಲದವರು ಎಂದು ಧಣಿಗಳೂ ಆ ವಿಷಯವನ್ನು ಅಲ್ಲಿಗೇ ಬಿಟ್ಟರು.

ಬೈಲೂರಿನ ಕಡೆಯವರು ಅವರಿಗೆ ಇಟ್ಟ ಹೆಸರೇ ಬೇರೆ. 'ನೀರು ಕೊಡದ ಪೊರ್ಬು.' ಸಾಯುವ ಹೆಣ್ಣುಮಗಳೊಬ್ಬಳಿಗೆ ಒಂದು ತೊಟ್ಟು ನೀರು ಕುಡಿಯಲು ಬಿಡದ ಪಾಪಿ, ಆ ಹುಡುಗಿ ಕುಲೆಯಾಗಿ, ಪ್ರೇತವಾಗಿ ಈ ಬಸ್ಸಿನಲ್ಲೇ ತಿರುಗುತ್ತಾಳೆ, ಸ್ವರ್ಣಾ ಹೊಳೆಯ ಸೇತುವೆಯ ಮೇಲೆ ಕಿವಿಗೊಟ್ಟರೆ ನೀರು ಕೇಳುವುದು ಕೇಳಿಸುತ್ತದೆ ಎಂದು ಹೆಂಗಸರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಪೊರ್ಬುಗಳ ಕಿವಿಗೆ ಬೀಳುವ ಹಾಗೆಯೇ ಹೇಳುತ್ತಿದ್ದರು. ಕಡಲೆ ಸಿಪ್ಪೆಯ ಸದ್ದು ಕೇಳುವ ಕಿವಿಗೆ ಅದು ಕೇಳದೆ ಇರುತ್ತದೆಯೇ? ಅವರು ಮುಂದಿನವರ ಟಿಕೇಟು ಹರಿಯುತ್ತಿದ್ದರು.

ಪಾಪಿ ಎಂಬ ಮಾತು ನನಗೆ ಒಪ್ಪಿಗೆಯಾಗುತ್ತಿರಲಿಲ್ಲ. ಯಾಕೆಂದರೆ ಯಾರಿಗಾದರೂ ಬಾಯಾರಿದರೆ ಪೊರ್ಬುಗಳು ಬಸ್ಸು ನಿಲ್ಲಿಸುತ್ತಿದ್ದರು. ಎಲ್ಲಿ ಬೇಕಾದರೂ. ಒಂದು ಮಾರ್ಚಿ ತಿಂಗಳಲ್ಲಿ, ಜ್ವರ ಬಿಟ್ಟ ಮೈಯಲ್ಲಿ ನಾನು ಶಾಲೆಗೆ ಹೊರಟಿದ್ದೆ. ದಾರಿಯಲ್ಲಿ ಕಣ್ಣಿಗೆ ಕತ್ತಲೆ ಬಂತು. ಅಮ್ಮ ಕಟ್ಟಿಕೊಟ್ಟ ಜೀರಿಗೆ ಕಷಾಯದ ಬಾಟ್ಲಿಯ ಬಿರಡೆ ತೆಗೆದದ್ದೇ ತಡ, ವಿಸಿಲ್ ಕೇಳಿಸಿತು. ಅವರು ನನ್ನ ರಟ್ಟೆ ಹಿಡಿದು ಇಳಿಸಿ, ಒಂದು ಗೇರುಮರದ ನೆರಳಿನಲ್ಲಿ ಕೂರಿಸಿದರು. "ನೆಲದ ಮೇಲೆ ಎಷ್ಟು ಬೇಕಾದರೂ ಕುಡಿಯಿರಿ ಟೀಚರೇ. ಅವಸರ ಬೇಡ" ಎಂದರು. ಬಸ್ಸಿನವರು ಗೊಣಗಿದರು. ನಾನು ಕುಡಿದು ಮುಗಿಸುವವರೆಗೂ ಅವರು ಬೆನ್ನು ತಿರುಗಿಸಿ ಬಿಸಿಲಿನಲ್ಲಿ ನಿಂತಿದ್ದರು. ಅವರ ತುಟಿ ಒಡೆದು ಬಿಳುಪಾಗಿತ್ತು. ಕಾಪುವಿನಲ್ಲಿ ಹತ್ತಿದರೆ ಕಾರ್ಕಳ ಮುಟ್ಟುವವರೆಗೆ ಅವರೂ ಒಂದು ಗುಟುಕು ಕುಡಿಯುತ್ತಿರಲಿಲ್ಲ.

ನಿಜ ಏನೆಂದು ನನಗೆ ಹೇಳಿದ್ದು ಸೇಸಕ್ಕ. ಬೈಲೂರಿನಲ್ಲಿ ನಮ್ಮ ಶಾಲೆಯ ಹಿಂದಿನ ಮನೆಯವರು, ಗಂಡ ಇಲ್ಲದ ಹೆಂಗಸು, ಬೀಡಿ ಕಟ್ಟಿ ಬದುಕುತ್ತಿದ್ದರು. ಒಂದು ದಿನ ನನ್ನ ಸಹೋದ್ಯೋಗಿಯೊಬ್ಬರು ಅವರ ಜಗಲಿಯಲ್ಲಿ ಕುಳಿತು ನೀರು ಕೊಡದ ಪೊರ್ಬುವಿನ ಕಥೆ ತೆಗೆದಾಗ, ಬೀಡಿ ಎಲೆ ಕತ್ತರಿಸುತ್ತಿದ್ದ ಸೇಸಕ್ಕ ಎದ್ದು ಒಳಗೆ ಹೋದರು. ಕಥೆಯ ಆ ಹುಡುಗಿ ಅವರ ಮಗಳೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಂಜೆ ನಾನೊಬ್ಬಳೇ ಇದ್ದಾಗ ನನ್ನನ್ನು ಕರೆದು ಕೂರಿಸಿ, ತುಳುವಿನಲ್ಲಿ, ಎಲ್ಲವನ್ನೂ ಹೇಳಿದರು.

ಮಗಳು ಕಲ್ಯಾಣಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ತವರಿಗೆ ಬಂದವಳಿಗೆ ಹೊಟ್ಟೆನೋವು ಶುರುವಾಯಿತು. ಊರಿನ ಮದ್ದಿನಲ್ಲಿ ಎರಡು ದಿನ ಕಳೆದು, ಕಾರ್ಕಳದ ಡಾಕ್ಟರ ಹತ್ತಿರ ಕೊಂಡುಹೋದಾಗ ಹೊಟ್ಟೆ ಕಲ್ಲಿನಂತಾಗಿತ್ತು. ಡಾಕ್ಟರು ಮುಟ್ಟಿ ನೋಡಿ, ಈಗಲೇ ಉಡುಪಿಯ ಆಸ್ಪತ್ರೆಗೆ ಹೋಗಿ, ಆಪರೇಷನ್ ಆಗಬೇಕು, ಬಾಯಿಗೆ ಒಂದು ತೊಟ್ಟು ನೀರೂ ಹಾಕಬಾರದು ಎಂದರು. ಬಸ್ಸಿಗೆ ಹತ್ತಿಸಲು ಬಂದ ಕಂಪೌಂಡರ್ ಅದನ್ನೇ ಸೇಸಕ್ಕನಿಗೂ ಕಂಡಕ್ಟರಿಗೂ ಮತ್ತೆ ಹೇಳಿದ. ಕಲ್ಯಾಣಿಗೆ ನೋವಿನಲ್ಲಿ ಯಾವ ಮಾತೂ ತಲೆಗೆ ಹೋಗುತ್ತಿರಲಿಲ್ಲ.

ಹಿರಿಯಡ್ಕ ದಾಟಿ ಸ್ವರ್ಣೆಯ ಸೇತುವೆಗೆ ಬಂದಾಗ ಅವಳು ಕಿಟಕಿಯಿಂದ ಹೊಳೆಯನ್ನು ಕಂಡಳು. ನೀರು ಕೇಳಿದಳು. ಡಾಕ್ಟರು ಬೇಡ ಎಂದಿದ್ದಾರೆ ಎಂದು ತಾಯಿ ಹೇಳಿದರೆ, ಡಾಕ್ಟರು ಇಲ್ಲಿ ಎಲ್ಲಿದ್ದಾರೆ, ನೀನಲ್ಲವಾ ಇರುವುದು, ನೀನೇ ಕೊಡುವುದಿಲ್ಲವಾ ಎಂದು ತಾಯಿಯ ಕೈ ಕೊಡವಿ ಮುಖ ತಿರುಗಿಸಿದಳು. ಎದುರು ಸೀಟಿನ ಅಜ್ಜರೊಬ್ಬರು ಕನಿಕರದಿಂದ ತಮ್ಮ ಚೊಂಬು ಮುಂದೆ ಹಿಡಿದರು.

"ನನ್ನ ಕೈ ಹೋಯಿತು ಟೀಚರೇ" ಎಂದರು ಸೇಸಕ್ಕ. "ಚೊಂಬಿಗೆ ನನ್ನ ಕೈ ಹೋಯಿತು. ಅವಳ ಆ ಮುಖ ನೋಡಿಕೊಂಡು ನಾನು ಕೊಡದೆ ಇರುತ್ತಿರಲಿಲ್ಲ."

ಆಗ ಪೊರ್ಬುಗಳು ನಡುವೆ ಬಂದು ನಿಂತರು. ಚೊಂಬನ್ನು ಅಜ್ಜರ ಕೈಗೇ ತಿರುಗಿಸಿ ಕೊಟ್ಟು, ಬಗ್ಗಿ, ಕಲ್ಯಾಣಿಗೆ ಹೇಳಿದರು: "ಅಮ್ಮ ಕೊಡ್ತಾರೆ ಮಗಾ. ನಾನೇ ಬಿಡುವುದಿಲ್ಲ. ಅಲ್ಲಿ ನೋಡು, ಬೋರ್ಡು ಉಂಟು. ಈ ಬಸ್ಸಿನಲ್ಲಿ ಕುಡಿಯಲಿಕ್ಕೆ ಇಲ್ಲ."

"ಯಾರಿಗೂ ಇಲ್ಲವಾ?" ಎಂದು ಕೇಳಿದಳಂತೆ ಅವಳು.

"ಯಾರಿಗೂ ಇಲ್ಲ."

ಅವಳು ಮತ್ತೆ ತಾಯಿಯ ಕೈ ಹಿಡಿದುಕೊಂಡಳು. ತಾಯಿಯ ಮೇಲೆ ಇದ್ದ ಸಿಟ್ಟೆಲ್ಲ ಕಂಡಕ್ಟರ ಮೇಲೆ ಹೋಯಿತು. ಉಡುಪಿಯವರೆಗೆ ಸೇಸಕ್ಕನ ಎದೆಗೆ ಒರಗಿಕೊಂಡು, ಕಣ್ಣು ಮಾತ್ರ ಪೊರ್ಬುಗಳಿಂದ ತೆಗೆಯಲಿಲ್ಲ. ಅವರು ಟಿಕೇಟು ಕೊಡುತ್ತಾ ಎಲ್ಲಿ ಹೋದರೂ ಆ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಆಸ್ಪತ್ರೆಯವರು ಕೂಡಲೇ ಆಪರೇಷನ್ ಮಾಡಿದರು. ಆದರೆ ಒಳಗೆ ಎಲ್ಲ ವಿಷವಾಗಿತ್ತು. ಮರುದಿನ ಬೆಳಗಾಗುವಾಗ ಅವಳು ಇರಲಿಲ್ಲ.

ಸೇಸಕ್ಕ ಎಷ್ಟೋ ಜನರಿಗೆ ಇದನ್ನು ಹೇಳಲು ಹೊರಟಿದ್ದರಂತೆ. ಪೊರ್ಬುಗಳೇ ತಡೆದರು. ತಾಯಿಯೇ ಮಗಳಿಗೆ ನೀರು ಕೊಡದೆ ಕರೆದುಕೊಂಡು ಹೋದಳು ಎಂದು ಜನ ನಿಮ್ಮ ಮೇಲೆ ತಿರುಗುತ್ತಾರೆ, ಅವರಿಗೆ ಡಾಕ್ಟರ ಮಾತು ಬೇಡ, ಕಥೆ ಬೇಕು. ಅದು ನನ್ನ ಹೆಸರಿನಲ್ಲೇ ಇರಲಿ ಎಂದಿದ್ದರು.

ಒಂದು ವರ್ಷ ಮಗಳ ತಿಥಿಯ ಮುನ್ನಾದಿನ ಸೇಸಕ್ಕ ಸಾಮಾನಿಗೆಂದು ಕಾರ್ಕಳಕ್ಕೆ ಹೋಗಿ, ಸಂಜೆ ನಾನು ಶಾಲೆ ಬಿಟ್ಟು ಕಾಯುತ್ತಿದ್ದ ಬೈಲೂರಿನ ಸ್ಟಾಂಡಿನಲ್ಲಿ ಆ ಬಸ್ಸಿನಿಂದ ಇಳಿದರು. ನಾನು ಹತ್ತುವವಳು, ಅವರು ಇಳಿದವರು. ಬಸ್ಸು ನಿಂತಿದ್ದಷ್ಟು ಹೊತ್ತಿನ ಮಾತು ಅದು. ಸೇಸಕ್ಕ ಪೊರ್ಬುಗಳ ಕೈ ಹಿಡಿದು, ಇನ್ನು ಸಾಕು, ಜನರನ್ನು ತಿನ್ನಲು ಕುಡಿಯಲು ಬಿಡಿ, ನೀವೂ ಕುಡಿಯಿರಿ, ನನ್ನ ಮಗಳಿಗೆ ಇದರಿಂದ ಏನೂ ಆಗುವುದಿಲ್ಲ ಎಂದರು.

ಪೊರ್ಬುಗಳು ತಲೆ ಅಲ್ಲಾಡಿಸಿದರು. "ಯಾರಿಗೂ ಇಲ್ಲ ಎಂದು ಅವಳಿಗೆ ಹೇಳಿದ್ದೇನೆ ಸೇಸಕ್ಕ. ಇನ್ನೊಬ್ಬರಿಗೆ ಬಿಟ್ಟರೆ ಅವಳಿಗೆ ಹೇಳಿದ್ದು ಸುಳ್ಳಾಗುತ್ತದೆ. ಅವಳಿಗೊಬ್ಬಳಿಗೇ ಇಲ್ಲದ್ದು ಎಂದಾಗುತ್ತದೆ."

ಸೇಸಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹೋದರು. ಬಾಬಣ್ಣ ಹಾರ್ನ್ ಒತ್ತಿದ.

ಅರವತ್ತರ ದಶಕದ ನಡುವಿನಲ್ಲಿ ಪೊರ್ಬುಗಳು ಕೆಲಸ ಬಿಟ್ಟರು. ಮೂತ್ರಪಿಂಡದ ತೊಂದರೆ ಎಂದು ಕೇಳಿದೆ. ಹೊಸ ಕಂಡಕ್ಟರ್ ಬಂದ, ನಗುಮುಖದ ಹುಡುಗ. ಬಸ್ಸಿನಲ್ಲಿ ಚಕ್ಕುಲಿ, ಬಾಳೆಹಣ್ಣು, ಸೋಡಾ ಎಲ್ಲ ನಡೆಯತೊಡಗಿತು. ಆದರೂ ಹಳೆಯ ಪ್ರಯಾಣಿಕರು ಕೆಲವರು ಪೊಟ್ಟಣ ಬಿಚ್ಚುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು. ನಾನಂತೂ ಆ ದಾರಿಯಲ್ಲಿ ಒಂದು ಗುಟುಕು ನೀರು ಕುಡಿಯಲಾರದವಳಾದೆ. ಇವತ್ತಿಗೂ ಹಾಗೆಯೇ.

ಅವರನ್ನು ಕೊನೆಯ ಸಲ ಕಂಡದ್ದು ತಂಗಿಯ ಮದುವೆಗೆ ಮಲ್ಲಿಗೆ ಹೂವಿಗೆ ಹೇಳಿಡಲು ಅವರ ಊರಾದ ಶಂಕರಪುರಕ್ಕೆ ಹೋದಾಗ. ಅವರ ಹೆಂಡತಿ ಸೆರಾಫಿನ್ ಬಾಯಿ ಹೊರಗಿನ ಕಟ್ಟೆಯಲ್ಲಿ ಹೂ ಕಟ್ಟುತ್ತಿದ್ದರು. ಪೊರ್ಬುಗಳು ಒರಗುಕುರ್ಚಿಯಲ್ಲಿ ಕುಳಿತಿದ್ದರು. ಕಾಲು ಬಾತಿತ್ತು, ಮುಖ ಮಾತ್ರ ಇನ್ನೂ ಸಪೂರ. ನನ್ನ ಶಾಲೆ, ಬಾಬಣ್ಣ, ಸೇಸಕ್ಕ ಎಲ್ಲರ ಸುದ್ದಿ ಕೇಳಿದರು. ನಿದ್ದೆ ಬರುತ್ತದಾ ಎಂದೆ. ಬರುತ್ತದೆ, ಸೇತುವೆ ಬಂದಾಗ ಎಚ್ಚರವಾಗುತ್ತದೆ ಎಂದರು.

ಹೊರಡುವ ಮೊದಲು, ಎಷ್ಟೋ ವರ್ಷ ಹೇಳಬೇಕೆಂದಿದ್ದ ಮಾತನ್ನು ಹೇಳಿದೆ. ನೀವು ಮಾಡಿದ್ದು ಸರಿ ಪೊರ್ಬುಗಳೇ, ಯಾವ ಡಾಕ್ಟರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ ಎಂದೆ.

ಅವರು ನನ್ನನ್ನು ಸಮಾಧಾನಪಡಿಸುವವರ ಹಾಗೆ ನಕ್ಕರು.

"ಸರಿಯೇ ಟೀಚರೇ. ನನಗೆ ಗೊತ್ತುಂಟು, ನಿಮಗೆ ಗೊತ್ತುಂಟು, ಸೇಸಕ್ಕನಿಗೂ ಗೊತ್ತುಂಟು. ಅವಳಿಗೆ ಒಬ್ಬಳಿಗೆ ಗೊತ್ತಿಲ್ಲ."

ಸೆರಾಫಿನ್ ಬಾಯಿ ಹೂ ಕಟ್ಟುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ಆ ಮಳೆಗಾಲದಲ್ಲಿ ಪೊರ್ಬುಗಳು ತೀರಿಕೊಂಡರು. ಹೊಳೆಗಳಿಗೆ ನೆರೆ ಬಂದು ಬಸ್ಸು ನಿಂತಿದ್ದ ವಾರ ಅದು. ಸೇಸಕ್ಕನಿಗೂ ನನಗೂ ಮಣ್ಣಿಗೆ ಹೋಗಲು ಆಗಲಿಲ್ಲ.