ನಾಲ್ಕು ಬೆರಳು ಗಿಡ್ಡ

ಮೊನ್ನೆ ಬೆಳಿಗ್ಗೆ ಅಂಗಳ ಗುಡಿಸುವಾಗ ಫರಸಿಯ ಮೇಲೆ ಅಂಗೈಯಗಲದ ಎಣ್ಣೆಯ ಕಲೆ ಕಂಡಿತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಆ ಕಮಟು ವಾಸನೆಯಲ್ಲೇ ಗೊತ್ತಾಯಿತು. ನನ್ನ ಹಳೆಯ ಮೋಟರ್‌ಸೈಕಲ್ಲಿನ ಹಿಂದಿನ ಶಾಕಪ್ಸರ್‌ಗಳು, ರಸ್ತೆಯ ಪೆಟ್ಟು ನಮ್ಮ ಬೆನ್ನಿಗೆ ಬರದಂತೆ ತಾವೇ ನುಂಗುವ ಆ ಜೋಡಿ ಸ್ಪ್ರಿಂಗುಗಳು, ಕೊನೆಗೂ ಸೋರಲು ಹತ್ತಿದ್ದವು. ಇಪ್ಪತ್ತಾರು ವರ್ಷ ಬಾಳಿದವು. ಹೊಗಳಬೇಕಾದ ಮಾತೇ. ಆದರೆ ಈಗ ಅವುಗಳ ಮೇಲೆ ನನಗೆ ಸಿಟ್ಟಿದೆ. ಯಾಕೆಂದು ಹೇಳುತ್ತೇನೆ, ತುಸು ಸುತ್ತು ಬಳಸಿ ಬರಬೇಕು.

ನಾನು ಜೇವರ್ಗಿಯ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದವನು. ಡಾಕ್ಟರ್ ಅಲ್ಲ, ಕಂಪೌಂಡರ್. ಆದರೆ ನಮ್ಮ ಕಡೆ ಸೂಜಿ ಹಿಡಿದವರೆಲ್ಲ ಡಾಕ್ಟರೇ. ಇಜೇರಿ, ನೆಲೋಗಿ ಸುತ್ತಿನ ಹಳ್ಳಿಗಳು ನನ್ನ ಪಾಲಿಗಿದ್ದವು. ನಮ್ಮ ಎರೆಮಣ್ಣಿನ ಗುಣ ನೀವು ಕೇಳಿರಬೇಕು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು, ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವ ಅಂಟು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಆ ಮಣ್ಣು ತುಂಬಿಕೊಂಡರೆ ಗಾಡಿ ಹಟ ಹಿಡಿದ ಎತ್ತಿನಂತೆ ನಿಂತುಬಿಡುತ್ತಿತ್ತು. ಕೆಲವರು ಮಣ್ಣು ಕೆರೆಯಲು ಕಬ್ಬಿಣದ ಪಟ್ಟಿ ಇಟ್ಟುಕೊಳ್ಳುತ್ತಿದ್ದರು. ಗುಟ್ಟು ಬಲ್ಲವರು ಗಾಡಿಯನ್ನೇ ಎತ್ತರಿಸುತ್ತಿದ್ದರು. ಹಿಂದೆ ಉದ್ದನೆಯ ಶಾಕಪ್ಸರ್, ಮೇಲಕ್ಕೆ ಸರಿಸಿದ ಮಡ್‌ಗಾರ್ಡ್, ದೊಡ್ಡ ಹಲ್ಲಿನ ಟೈರು. ನನ್ನ ಗಾಡಿಗೆ ಇದನ್ನೆಲ್ಲ ಮಾಡಿಕೊಟ್ಟವರು ಬಸ್‌ಸ್ಟ್ಯಾಂಡಿನ ಹಿಂದಿನ ಮಿಸ್ತ್ರಿ ಕಾಸಿಮ್‌ಸಾಬ್.

ಆ ಗಾಡಿ ಏರಿದೆನೆಂದರೆ ನನ್ನ ಠೀವಿಯೇ ಬೇರೆ. ಅದರ ಸದ್ದಿಗೆ ಹೊಲದಲ್ಲಿದ್ದವರು ತಲೆ ಎತ್ತಿ ನೋಡುತ್ತಿದ್ದರು. ನೋಡದಿದ್ದರೆ ನಾನೇ ಹಾರ್ನ್ ಹೊಡೆಯುತ್ತಿದ್ದೆ. ಹೊಟ್ಟೆ ಉಬ್ಬರಿಸಿದ ಎಮ್ಮೆ ನೋಡಲು ಹೊರಟ ನನ್ನ ಎದೆ ಆ ಎಮ್ಮೆಗಿಂತ ಹೆಚ್ಚು ಉಬ್ಬಿರುತ್ತದೆ ಎಂದು ನನ್ನ ಹೆಂಡತಿ ಶರಣಮ್ಮ ನಗುತ್ತಿದ್ದಳು.

ಶರಣಮ್ಮ ನನ್ನ ಭುಜಕ್ಕೂ ಬಾರದ ಆಳು. ಸೀರೆ ಉಟ್ಟು ಆ ಎತ್ತರಕ್ಕೆ ಏರುವುದು ಅವಳಿಂದ ಆಗದ ಮಾತು. ಹೀಗಾಗಿ ನಮಗೆ ಹೋದಲ್ಲೆಲ್ಲ ಒಂದು ಕಲ್ಲು ಬೇಕಾಗುತ್ತಿತ್ತು. ಮನೆ ಮುಂದೆ ಬಟ್ಟೆ ಒಗೆಯುವ ಕಲ್ಲು, ನೆಲೋಗಿಯಲ್ಲಿ ಬಸ್ ನಿಲ್ಲುವ ಕಡೆ ಒಂದು ಮೋರಿಯ ಗೋಡೆ, ಅವಳ ತವರು ಅತನೂರಿನಲ್ಲಿ ಊರಬಾಗಿಲ ಅಗಸಿಯ ಕಟ್ಟೆ. ನಾನು ಗಾಡಿಯನ್ನು ಕಲ್ಲಿಗೆ ತಾಗಿಸಿ ನಿಲ್ಲಿಸಬೇಕು, ಅವಳು ಕಲ್ಲೇರಿ ನನ್ನ ಭುಜ ಹಿಡಿದು ಕೂರಬೇಕು. “ಕುಂತಿ?” ಎಂದು ನಾನು. “ಹೂಂ, ನಡೀರಿ” ಎಂದು ಅವಳು. ಆ ಮಾತು ಕಿವಿಗೆ ಬೀಳದೆ ಕ್ಲಚ್ ಬಿಡುತ್ತಿರಲಿಲ್ಲ. ಒಮ್ಮೆ ಮಾತ್ರ ಬಿಟ್ಟಿದ್ದೆ. ಅವಳನ್ನು ಅಗಸಿ ಕಟ್ಟೆಯ ಮೇಲೆಯೇ ನಿಲ್ಲಿಸಿ, ಹಿಂದೆ ಕೂತಿದ್ದಾಳೆಂದು ಮನೆಯ ಸುದ್ದಿಯೆಲ್ಲ ಹೇಳುತ್ತ ಭೀಮೆಯ ಸೇತುವೆಯ ತನಕ ಒಬ್ಬನೇ ಬಂದಿದ್ದೆ. ತಿರುಗಿ ಹೋದಾಗ ಅವಳು ಸೆರಗು ಬಾಯಿಗೊತ್ತಿಕೊಂಡು ನಗುತ್ತ ಅಲ್ಲೇ ನಿಂತಿದ್ದಳು.

ಮೊಣಕಾಲು ನೋವು ಶುರುವಾದ ಮೇಲೆ ಅವಳು ಮೊದಲ ಸಲ ಕೇಳಿದಳು. “ಗಾಡಿ ನಾಕ್ ಬಳ್ಳು ಗಿಡ್ಡ ಮಾಡಸ್ರಿ. ಕಲ್ಲ ಹತ್ತಾಕೂ ಕಾಲ ಏಳವಲ್ವು.”

“ಗಾಡಿ ಅಂದ ಹೋಗ್ತದ” ಎಂದೆ. ಇನ್ನೊಮ್ಮೆ ಕೇಳಿದಾಗ ಮಾತು ಸ್ವಲ್ಪ ಮೆತ್ತಗೆ ಮಾಡಿದೆ. “ಈ ಶಾಕಪ್ಸರ್ ಹೋಗ್ಲಿ, ಆವಾಗ ನೋಡೋಣು.”

“ಆಯ್ತು ಬಿಡ್ರಿ” ಎಂದಳು. ಆಮೇಲೆ ಕೇಳಲಿಲ್ಲ. ಅತನೂರಿಗೆ ಹೊರಟರೆ, “ನೀವ್ ಮುಂದ ಹೋಗ್ರಿ, ನಾ ಟಂಟಂದಾಗ ಬರ್ತೇನಿ” ಎನ್ನತೊಡಗಿದಳು. ಟಂಟಂ ಎಂದರೆ ಹಳ್ಳಿಗಳಿಗೆ ಜನ ತುಂಬಿಕೊಂಡು ಓಡುವ ಮೂರು ಗಾಲಿಯ ಆಟೋ. ಅಷ್ಟು ಹೊತ್ತಿಗೆ ನನ್ನ ನೌಕರಿ ಮುಗಿದಿತ್ತು, ಹಳ್ಳಿಯ ದಾರಿಗಳಿಗೆಲ್ಲ ಡಾಂಬರು ಬಿದ್ದಿತ್ತು. ಗಾಲಿಗೆ ಮಣ್ಣು ಕಟ್ಟುವ ಮಾತೇ ಇರಲಿಲ್ಲ. ಎತ್ತರ ಬೇಕಾಗಿದ್ದುದು ನನ್ನ ಠೀವಿಗೆ ಮಾತ್ರ. ಅವಳಿಗೆ ವಯಸ್ಸಾಯಿತು, ತಿರುಗಾಟದ ಆಸೆ ಹೋಯಿತು ಎಂದುಕೊಂಡೆ. ಹಾಗೆ ಅಂದುಕೊಂಡರೆ ನನಗೆ ಅನುಕೂಲವಿತ್ತು, ನೋಡಿ. ಹೋದ ವರ್ಷ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಎಣ್ಣೆ ಸೋರುವ ಗಾಡಿಯನ್ನು ನೂಕಿಕೊಂಡು ಕಾಸಿಮ್‌ಸಾಬ್ ಅವರ ಗ್ಯಾರೇಜಿಗೆ ಹೋದೆ. ಕನ್ನಡಕ ಏರಿಸಿ ನೋಡಿ, “ಇವು ಖತಂ ಆದ್ವು ಡಾಕ್ಟ್ರ. ಉದ್ದಾನ್ವು ಹಾಕ್ಲೇನು, ಗಿಡ್ಡನ್ವು ಹಾಕ್ಲೇನು?” ಎಂದರು.

“ಇನ್ನ ಗಿಡ್ಡ ಹಾಕಿ ಏನ್ ಮಾಡೂದದ? ಹತ್ತಾಂವ ನಾ ಒಬ್ಬನ” ಎಂದೆ. “ಇದ್ದಂಗ ಇರ್ಲಿ.”

ಅವರು ಕೈ ಒರೆಸಿಕೊಂಡು ಒಳಗೆ ಹೋದರು. ಹೊರಬಂದಾಗ ಕೈಯಲ್ಲಿ ಗೋಣಿತಟ್ಟಿನ ಗಂಟೊಂದಿತ್ತು. ಬಿಚ್ಚಿದರೆ ಒಂದು ಜೋಡಿ ಶಾಕಪ್ಸರ್, ಗಿಡ್ಡನೆಯವು. ಜೊತೆಗೆ ನಡುವೆ ಗಂಟು ಹಾಕಿದ ಒಂದು ದಾರ.

“ಇವು ಅಕ್ಕಾರ್ದು ಅಮಾನತ್ ಅದಾವ್ರಿ, ನನ್ ಕಡಿ ಇಟ್ಟ ಹೋಗಿದ್ರು” ಎಂದರು. “ಐದಾರ್ ವರ್ಷದ ಹಿಂದ ಟಂಟಂ ಇಳದು ಒಬ್ಬರ ಬಂದಿದ್ರು. ನೆಲದಿಂದ ಸೀಟು ಇಲ್ಲೀತನ ಇದ್ರ ಕಲ್ಲಿಲ್ದ ಹತ್ತತೇನಿ ಅಂತ ಈ ದಾರಕ್ಕ ಗಂಟ ಹಾಕ್ಕೊಂಡು ತಂದಿದ್ರು. ನಾ ಕಲಬುರಗಿ ಎಲ್ಲಾ ಹುಡುಕಿ ಜೋಡಿ ತಂದೆ. ಗಾಡಿ ಕಳಸ್ರಿ, ಹಾಕ್ತೇನಿ ಅಂದ್ರ ಬ್ಯಾಡ ಅಂದ್ರು. ಅವ್ರಿಗಿ ಗಾಡಿ ಎತ್ತರ ಇದ್ರ ಭಾಳ ಖುಷಿ, ಹೇಳಬ್ಯಾಡ್ರಿ, ಹಳೇವು ಹೋದಾಗ ಇವನ್ನ ಹಾಕ್ರಿ ಅಂದ್ರು.”

“ಮತ್ತ ನೀವರ ಯಾಕ ಹೇಳ್ಲಿಲ್ರಿ?” ಎಂದೆ.

ಕಾಸಿಮ್‌ಸಾಬ್ ನೆಲ ನೋಡಿದರು. “ಹಳೇವು ಹೋಗ್ಲೇ ಇಲ್ಲಲ್ರಿ.”

ದಾರವನ್ನು ಸೀಟಿನ ಪಕ್ಕಕ್ಕೆ ಹಿಡಿದು ನೋಡಿದೆ. ಗಂಟು ನಾಲ್ಕೇ ಬೆರಳು ಕೆಳಗಿತ್ತು. ಅಷ್ಟಕ್ಕಾಗಿ ಅವಳು ಟಂಟಂನ ತುದಿಯಲ್ಲಿ ಕೂತು ಅತನೂರಿಗೆ ಹೋಗುತ್ತಿದ್ದಳು, ನಾನು ಅದೇ ದಾರಿಯಲ್ಲಿ ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಹಾರ್ನ್ ಹೊಡೆಯುತ್ತಿದ್ದೆ. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಕಾಸಿಮ್‌ಸಾಬ್ ಪಾನಾ ತೆಗೆದುಕೊಂಡು ಗಿಡ್ಡನೆಯ ಜೋಡಿಯನ್ನೇ ಹಾಕತೊಡಗಿದರು. ನಾನು ಬೇಡ ಎನ್ನಲಿಲ್ಲ. ದಾರವನ್ನು ಕಿಸೆಯಲ್ಲಿ ಇಟ್ಟುಕೊಂಡೆ.

ಕೆಲಸ ಮುಗಿದ ಮೇಲೆ ಗಾಡಿ ಏರಿದರೆ ಎರಡೂ ಪಾದ ಪೂರಾ ನೆಲಕ್ಕೆ ತಾಗಿದವು. ಠೀವಿ ಎಲ್ಲೂ ಇರಲಿಲ್ಲ. ರಸ್ತೆಗೆ ಬರುವಷ್ಟರಲ್ಲಿ, ಕೈಚೀಲ ಹಿಡಿದು ಟಂಟಂ ಕಾಯುತ್ತಿದ್ದ ಮುದುಕಿಯೊಬ್ಬಳು ಕೈ ಮಾಡಿದಳು. “ನೆಲೋಗಿ ಕಡಿ ಹೊಂಟೀರೇನ್ರಿ?” ನಾನು ಮನೆಗೆ ಹೊರಟಿದ್ದೆ. “ಹೌದವ್ವ, ಬಾ” ಎಂದೆ. ಹಳೆಯ ರೂಢಿಯಂತೆ ಕಣ್ಣು ಆಚೀಚೆ ಒಂದು ಕಲ್ಲು ಹುಡುಕಿತು. ಅಷ್ಟರಲ್ಲಿ ಅವಳು ನನ್ನ ಭುಜದ ಮೇಲೆ ಕೈಯಿಟ್ಟು ಸರಕ್ಕನೆ ಕೂತೇಬಿಟ್ಟಿದ್ದಳು.

“ಕುಂತಿ?” ಎಂದೆ.

“ಹೂಂ, ನಡೀರಿ” ಎಂದಳು.

ಕ್ಲಚ್ ಬಿಡಲು ಕೈ ಬರಲಿಲ್ಲ.

“ಯಾಕ್ರಿ, ಗಾಡಿ ಕೆಟ್ಟದೇನು?”

“ಇಲ್ಲವ್ವ, ಈಗ ಛಲೋ ಆಗ್ಯಾದ” ಎಂದೆ. “ತಡ ಆಯ್ತು, ಅಷ್ಟ.”