ಟೇಲರ್ ಎಲ್ಲಿ ಬಿಟ್ಟಾರ?

ಆಗೆಲ್ಲ ಇಟ್ಟಿಗಿ ಎಂಬ ಊರಿನ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಪೂರ್ತಿ ಟ್ರ್ಯಾಕ್ಟರ್ ಇರಲಿಲ್ಲ. ಇಂಜಿನ್ ಎದುರುಮನೆ ಕೊಟ್ರಪ್ಪಜ್ಜನದು, ಹಿಂದಿನ ಟ್ರೇಲರ್ ನಮ್ಮಜ್ಜನದು. ಊರಿನ ಬಾಯಲ್ಲಿ ಅದು ‘ಟೇಲರ್’. ಬಟ್ಟೆ ಹೊಲಿಯುವವನೂ ಟೇಲರೇ. ‘ಬಂದೈತಿ’ ಅಂದರೆ ಗಾಲಿ ಇರುವುದು, ‘ಬಂದಾನ’ ಅಂದರೆ ಕತ್ತರಿ ಹಿಡಿದವನು. ನಮಗೆಂದೂ ಗೊಂದಲವಾಗಿರಲಿಲ್ಲ.

ಅದು ದಸರಾ ರಜೆ. ಕಣದ ತುಂಬ ಮೆಕ್ಕೆಜೋಳದ ಬಿಸಿಲು ವಾಸನೆ. ಮರುದಿನ ಚೀಲಗಳ ಮೇಲೆ ನನ್ನನ್ನೂ ಕೂರಿಸಿಕೊಂಡು ಹರಪನಹಳ್ಳಿಗೆ ಹೋಗಿ, ಜೋಳ ಇಳಿಸಿ, ಸಿನಿಮಾ ತೋರಿಸುವುದಾಗಿ ಅಜ್ಜ ಮಾತು ಕೊಟ್ಟಿದ್ದ. ಅಲ್ಲಿಯವರೆಗೆ ನಾನು ಟಾಕೀಸಿನೊಳಗೆ ಕಾಲಿಟ್ಟವಳೇ ಅಲ್ಲ.

ಟ್ರೇಲರ್ ಅಂದು ಕೊಟ್ರಪ್ಪಜ್ಜನ ಹೊಲಕ್ಕೆ ಗೊಬ್ಬರ ಹೇರಿಕೊಂಡು ಹೋಗಿತ್ತು. ಮೊಬೈಲ್ ನೋಡುತ್ತಿದ್ದ ಅಕ್ಕ ಕೂಗಿದಳು: “ಅಜ್ಜಾ, ಟ್ರೇಲರ್ ಬಿಟ್ಟಾರ!”

“ಎಲ್ಲಿ ಬಿಟ್ಟಾರ?”

“ಯೂಟ್ಯೂಬ್‌ನಾಗ.”

“ಅದ್ಯಾರ ಹೊಲ?”

“ಆಗ್ಲೇ ಲಕ್ಷ ಮಂದಿ ನೋಡ್ಯಾರ!”

“ಲಕ್ಷ ಮಂದಿ ನೋಡಿದ್ರೂ ಒಬ್ಬನೂ ಎಳಕೊಂಡು ಬರ್ಲಿಲ್ಲೇನು?”

ಅಕ್ಕ ಹೊಟ್ಟೆ ಹಿಡಿದು ನಗುವಷ್ಟರಲ್ಲಿ ಅಜ್ಜ ಎದುರುಮನೆ ಹೊಕ್ಕಾಗಿತ್ತು.

“ಲೇ ಕೊಟ್ರ್ಯಾ, ನನ್ನ ಟೇಲರ್ ಕಂಡಲ್ಲಿ ಬಿಟ್ಟು, ಇಲ್ಲಿ ರೊಟ್ಟಿ ಮುರಿಯಾಕತ್ತಿಯೇನು?”

“ಯಾರಂದ್ರು? ಹೊಲದಾಗ ನನ್ನ ಮಗ ಅದಾನ, ಟೇಲರೂ ಅಲ್ಲೇ ಐತಿ. ನಂಬಿಕಿ ಇಲ್ಲಂದ್ರ ನಿನ್ನ ಟೇಲರ್ ನೀನ ಇಟ್ಕ. ನನ್ನ ಇಂಜಿನ್ ನಾಳಿ ಬರಂಗಿಲ್ಲ!”

ಸಂಜೆಗೆ ನಿಜವಾಗಿಯೂ ಟೇಲರ್ ಬಿಟ್ಟರು, ನಮ್ಮ ಬಾಗಿಲ ಮುಂದೆ. ಅಕ್ಕ ಎಷ್ಟು ಬಿಡಿಸಿ ಹೇಳಿದರೂ ಅಜ್ಜನ ತಲೆಗೆ ಹೋಗಲಿಲ್ಲ. ನನ್ನ ಸಿನಿಮಾ ನೀರಲ್ಲಿ ಹೋಮವಾಯಿತೆಂದು ಜೋರಾಗಿ ಅತ್ತೆ. ಅತ್ತು ಸಾಕಾದ ಮೇಲೆ ಮೊಬೈಲ್ ಕಸಿದುಕೊಂಡು ಹೋಗಿ ಕೊಟ್ರಪ್ಪಜ್ಜನನ್ನು ಕೈಹಿಡಿದು ಎಳೆತಂದೆ. ಇಬ್ಬರನ್ನೂ ಅದೇ ಟ್ರೇಲರ್ ಮೇಲೆ ಕೂರಿಸಿ ಸಿನಿಮಾದ ಟ್ರೇಲರ್ ತೋರಿಸಿದೆ. ಬಾಯಿ ಬಿಟ್ಟುಕೊಂಡು ನೋಡಿದರು.

“ಮುಂದ?” ಅಂದ ಅಜ್ಜ.

“ಮುಂದಿಂದು ಹರಪನಹಳ್ಳ್ಯಾಗ, ಟಾಕೀಸ್‌ನಾಗ.”

ಅಜ್ಜ ತಲೆ ಕೆರೆದುಕೊಂಡ. “ಅಂದ್ರ ಇದು ಬರೇ ಟೇಲರ್. ಇಂಜಿನ್ ಅಲ್ಲೈತಿ.”

ಕೊಟ್ರಪ್ಪಜ್ಜನಿಗೆ ನಗು ತಡೆಯಲಾಗಲಿಲ್ಲ. “ಇಂಜಿನ್ ಇಲ್ಲೂ ಐತಿ ಬಿಡಲೇ. ನಾಳಿ ಹೂಡ್ತೀನಿ. ಆದ್ರ ನನ್ನ ಟಿಕೆಟ್ಟೂ ನೀನ ತೆಗಿಸ್ಬೇಕು.”

ಟಾಕೀಸಿನಲ್ಲಿ ಓಡುತ್ತಿದ್ದುದು ಬೇರೆಯೇ ಸಿನಿಮಾ; ಅದೂ ತಿಳಿಯದಂತೆ ಅಜ್ಜಂದಿರು ನನ್ನ ಆಚೆಯೊಬ್ಬರು, ಈಚೆಯೊಬ್ಬರು ಗೊರಕೆ ಹೊಡೆದರು. ಮಂಡಕ್ಕಿ, ಮಿರ್ಚಿ ಎಲ್ಲ ನನಗೇ ಉಳಿಯಿತು.

ಈಗ ಅವರಿಬ್ಬರೂ ಇಲ್ಲ. ಎರಡೂ ಮನೆಯಲ್ಲಿ ಪೂರ್ತಿ ಟ್ರ್ಯಾಕ್ಟರ್ ಇದೆ. ಒಬ್ಬರನ್ನೊಬ್ಬರು ಕೇಳುವ ಅಗತ್ಯವಿಲ್ಲ, ಹಾಗಾಗಿ ಜಗಳವೂ ಇಲ್ಲ. ನಾನು ಎದುರುಮನೆ ಹೊಸ್ತಿಲು ತುಳಿದು ವರ್ಷವಾಯಿತು. ಹೊಸ ಟ್ರೇಲರ್ ಬಿಟ್ಟಿದ್ದಾರೆ ಎಂದು ಫೋನು ದಿನಾ ಕೂಗುತ್ತದೆ. ‘ಎಲ್ಲಿ ಬಿಟ್ಟಾರ?’ ಎಂದು ಗಾಬರಿಯಿಂದ ಎದ್ದು ಎದುರುಮನೆಗೆ ಓಡುವವರು ಮಾತ್ರ ಯಾರೂ ಉಳಿದಿಲ್ಲ.