ತಡವಾಗಿ ಬಂದ ಗುಲಾಬಿ ಬಣ್ಣ

ರತ್ನಪ್ರಭಾ ದಾವಣಗೆರೆಯಲ್ಲಿ ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದ ಚಿದಂಬರ ಅವರನ್ನು ಮದುವೆಯಾಗಿ ದೆಹಲಿಗೆ ಬಂದವರು. ಇಪ್ಪತ್ತಾರು ವರ್ಷಗಳಿಂದ ಯಮುನೆಯ ದಂಡೆಯ ಒಂದು ಸಣ್ಣ ನೀರು ಶುದ್ಧೀಕರಣ ಘಟಕದಲ್ಲಿ ಕೆಮಿಸ್ಟ್. ನದಿಯಿಂದ ಬರುವ ನೀರಿನಲ್ಲಿ ಏನಿದೆ, ಅದಕ್ಕೆ ಏನನ್ನು ಎಷ್ಟು ಹಾಕಬೇಕು ಎಂದು ಹೇಳುವುದು ಅವರ ಕೆಲಸ. ಉಳಿದ ವರ್ಷವೆಲ್ಲ ಅದು ಬೇಸರದ ಕೆಲಸವೇ. ಚಳಿಗಾಲದಲ್ಲಿ ಮಾತ್ರ ಹಾಗಲ್ಲ.

ಚಳಿಗಾಲದಲ್ಲಿ ನದಿ ಬಡವಾಗುತ್ತದೆ. ಮೇಲಿನ ಊರುಗಳಿಂದ ಅದಕ್ಕೆ ಸೇರುವ ಕೊಳಚೆ ಮಾತ್ರ ಕಡಿಮೆಯಾಗುವುದಿಲ್ಲ. ನೀರಿನಲ್ಲಿ ಅಮೋನಿಯ ಏರುತ್ತದೆ. ಕ್ರಿಮಿಗಳನ್ನು ಕೊಲ್ಲಲೆಂದು ಹಾಕಿದ ಕ್ಲೋರಿನ್ ಮೊದಲು ಆ ಅಮೋನಿಯದ ಜೊತೆ ಕೂಡಿಕೊಂಡುಬಿಡುತ್ತದೆ. ಅಮೋನಿಯ ಪೂರ್ತಿ ತೀರಿದ ಮೇಲೆ ಉಳಿದ ಕ್ಲೋರಿನ್ ಮಾತ್ರ ನಲ್ಲಿಯವರೆಗೂ ಜನರನ್ನು ಕಾಯುತ್ತದೆ. ಕಾಗದದ ಮೇಲೆ ಒಂದು ಕಿಲೋ ಅಮೋನಿಯಕ್ಕೆ ಏಳೂವರೆ ಕಿಲೋ ಕ್ಲೋರಿನ್ ಸಾಕು. ಆದರೆ ಯಮುನೆಯಲ್ಲಿ ಅಮೋನಿಯ ಒಂದೇ ಇರುವುದಿಲ್ಲ, ಮಿಕ್ಕ ಕೊಳೆಯೂ ತನ್ನ ಪಾಲು ಕೇಳುತ್ತದೆ. ಆದ್ದರಿಂದ ರತ್ನಪ್ರಭಾ ಯಾವಾಗಲೂ ಹತ್ತು ಕಿಲೋ ಹಿಡಿಯುತ್ತಿದ್ದರು.

ಅವರ ಘಟಕಕ್ಕೆ ದಿನಕ್ಕೆ ಹತ್ತು ಕೋಟಿ ಲೀಟರ್ ನೀರು ಬರುತ್ತಿತ್ತು. ಲೀಟರಿಗೆ ಒಂದು ಮಿಲಿಗ್ರಾಂ ಅಮೋನಿಯ ಇದ್ದರೆ ದಿನಕ್ಕೆ ನೂರು ಕಿಲೋ ಆಯಿತು, ಅದಕ್ಕೆ ಸಾವಿರ ಕಿಲೋ ಕ್ಲೋರಿನ್ ಬೇಕು. ಅಲ್ಲಿ ಕ್ಲೋರಿನ್ ಬಿಡುವ ಎರಡು ಯಂತ್ರಗಳು ಎಷ್ಟು ತಿರುಗಿಸಿದರೂ ದಿನಕ್ಕೆ ಒಂಬೈನೂರ ಅರವತ್ತು ಕಿಲೋಗಿಂತ ಹೆಚ್ಚು ಕೊಡುತ್ತಿರಲಿಲ್ಲ.

ಆ ಜನವರಿಯ ಒಂದು ಮಂಗಳವಾರ ಅಮೋನಿಯ ಒಂದು ಪಾಯಿಂಟ್ ಎಂಟು ಬಂತು. ಬುಧವಾರ ಮಧ್ಯಾಹ್ನ ಎರಡು ಪಾಯಿಂಟ್ ಒಂಬತ್ತು. ಕಿಟಕಿಯಾಚೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನದಿಯೇ ಕಾಣುತ್ತಿರಲಿಲ್ಲ, ಅದರ ವಾಸನೆ ಮಾತ್ರ ಒಳಗೆ ಬರುತ್ತಿತ್ತು. ರತ್ನಪ್ರಭಾ ಲೆಕ್ಕ ಹಾಕಿದರು. ಇನ್ನೂರ ತೊಂಬತ್ತು ಕಿಲೋ ಅಮೋನಿಯಕ್ಕೆ ಹೆಚ್ಚುಕಡಿಮೆ ಮೂರು ಟನ್ ಕ್ಲೋರಿನ್ ಬೇಕು. ಇರುವುದು ಒಂದು ಟನ್ನಿಗೂ ಕಡಿಮೆ. ಅಂದರೆ ಹೊರಗೆ ಹೋಗುವ ನೀರಿನಲ್ಲಿ ಬಿಡಿಯಾಗಿ ಉಳಿದ ಕ್ಲೋರಿನ್ ಒಂದು ಚೂರೂ ಇರಲು ಸಾಧ್ಯವಿಲ್ಲ.

ಆದರೆ ರಿಜಿಸ್ಟರಿನಲ್ಲಿ ಅದು ಇತ್ತು. ಎರಡು ದಿನವೂ ಗಂಟೆ ಗಂಟೆಗೂ ಸೊನ್ನೆ ಪಾಯಿಂಟ್ ಐದು, ಇರಬೇಕಾದಷ್ಟೇ. ಬರೆದವನು ಮನೋಜ್. ಐವತ್ತು ದಾಟಿದ ಆಪರೇಟರ್, ಸುಳ್ಳು ಬರೆಯುವ ಮನುಷ್ಯನಲ್ಲ.

ರತ್ನಪ್ರಭಾ ಘಟಕದ ಇಂಜಿನಿಯರ್ ಸಂದೀಪ್ ಅವರಿಗೆ ಫೋನ್ ಮಾಡಿದರು. ಹಿಂದಿಯಲ್ಲೇ ಮಾತು.

"ಮೇಡಂ, ನೀರಲ್ಲಿ ಕ್ಲೋರಿನ್ ವಾಸನೆ ಜಾಸ್ತಿ ಅಂತ ಬೆಳಿಗ್ಗೆಯಿಂದ ನಲವತ್ತು ದೂರು ಬಂದಿದೆ. ನೀವು ಕ್ಲೋರಿನ್ನೇ ಇಲ್ಲ ಅಂತೀರಿ. ರಿಜಿಸ್ಟರ್ ಏನು ಹೇಳುತ್ತೆ?"

"ಪಾಯಿಂಟ್ ಐದು."

"ಅಚ್ಛಾ, ಮತ್ತೇನು ಹಾಗಾದರೆ?"

ರತ್ನಪ್ರಭಾ ಫೋನ್ ಇಟ್ಟರು. ತಮ್ಮ ಲೆಕ್ಕವೇ ಎಲ್ಲೋ ತಪ್ಪಿರಬೇಕೆಂದು ಮತ್ತೆ ಎರಡು ಸಲ ಮಾಡಿದರು. ಉತ್ತರ ಬದಲಾಗಲಿಲ್ಲ. ಆದರೂ ಸಂಜೆ ಐದೂವರೆಗೆ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟರು. ಅದನ್ನು ಅವರು ಆಮೇಲೆ ಎಂದೂ ಮರೆಯಲಿಲ್ಲ.

ದಾರಿಯಲ್ಲಿ ಅಣ್ಣನ ಮಗಳು ಸಂಯುಕ್ತಾಳ ನೆನಪಾಯಿತು. ಅವಳು ಮುಖರ್ಜಿ ನಗರದ ಒಂದು ಪೀಜಿಯಲ್ಲಿದ್ದುಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಅಲ್ಲಿಗೆ ಹೋಗುವುದು ಇದೇ ನೀರು. ಬಸ್ಸಿನಿಂದಲೇ ಅವಳಿಗೆ ಫೋನ್ ಮಾಡಿದರು.

"ಸಂಯುಕ್ತಾ, ಎರಡು ದಿನ ನೀರು ಕುದಿಸಿ ಕುಡಿಯಮ್ಮ. ಹಲ್ಲುಜ್ಜೋದಕ್ಕೂ ಅದೇ ಇಟ್ಕೋ."

"ಯಾಕತ್ತೆ, ಏನಾಯ್ತು?"

"ಏನಿಲ್ಲ. ಸುಮ್ನೆ, ಹುಷಾರಾಗಿರಲಿ ಅಂತ."

"ಅತ್ತೆ, ಇಲ್ಲಿ ನಾವು ಮೂವತ್ತೆರಡು ಜನ ಇದೀವಿ. ಎಲ್ಲರಿಗೂ ಹೇಳ್ಲಾ, ನಾನೊಬ್ಬಳೇ ಕುದಿಸ್ಕೊಳ್ಲಾ?"

ರತ್ನಪ್ರಭಾ ಹೊರಗೆ ನೋಡಿದರು. ಬಸ್ಸಿನ ಗಾಜಿನಾಚೆ ಒಬ್ಬಳು ಹೆಂಗಸು ಬೀದಿ ನಲ್ಲಿಗೆ ಮಗುವಿನ ಬಾಟಲಿ ಹಿಡಿದು ನಿಂತಿದ್ದಳು.

"ಎಲ್ಲರಿಗೂ ಹೇಳು," ಎಂದರು. ಹಾಗೆಂದ ಮೇಲೆ ಮನೆಗೆ ಹೋಗುವುದು ಸಾಧ್ಯವಾಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಆಟೋ ಹಿಡಿದು ಘಟಕಕ್ಕೆ ವಾಪಸಾದರು.

ಮನೋಜ್ ಆರು ಗಂಟೆಯ ಪರೀಕ್ಷೆಗೆ ಸಿದ್ಧನಾಗುತ್ತಿದ್ದ. "ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ಭಯ್ಯಾ, ನಾನು ನೋಡ್ತೀನಿ," ಎಂದರು. ಅವನು ಗಾಜಿನ ಕೊಳವೆಗೆ ನೀರು ತುಂಬಿ, ಗುಳಿಗೆಯನ್ನು ಪುಡಿ ಮಾಡಿ ಹಾಕಿ, ಕುಲುಕಿ, ಸ್ಟ್ಯಾಂಡಿನಲ್ಲಿಟ್ಟ. ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗಬೇಕು, ಆದರೆ ಕೊಳವೆಯಲ್ಲಿ ಬಣ್ಣ ಬರಲಿಲ್ಲ. ಮನೋಜ್ ಚಹದ ಲೋಟ ತೆಗೆದುಕೊಂಡ.

"ಚಳಿಗೆ ಗುಳಿಗೆ ಬೇಗ ಕರಗಲ್ಲ ಮೇಡಂ. ಐದು ನಿಮಿಷ ಬಿಟ್ಟರೆ ತಾನೇ ಬರುತ್ತೆ."

ರತ್ನಪ್ರಭಾ ಗಡಿಯಾರ ನೋಡುತ್ತ ನಿಂತರು. ಒಂದು ನಿಮಿಷವಾದರೂ ನೀರು ನೀರಾಗಿಯೇ ಇತ್ತು. ಎರಡನೆಯ ನಿಮಿಷಕ್ಕೆ ಒಂದು ನಸುಗೆಂಪು ಎಳೆ ಕಂಡಿತು. ಐದನೆಯ ನಿಮಿಷಕ್ಕೆ ಕೊಳವೆ ತುಂಬ ಗುಲಾಬಿ ಬಣ್ಣ. ಮನೋಜ್ ತೃಪ್ತಿಯಿಂದ ಪೆನ್ನು ತೆಗೆದ.

"ಬರೀಬೇಡಿ," ಎಂದರು ರತ್ನಪ್ರಭಾ. ಬಿಡಿಯಾಗಿರುವ ಕ್ಲೋರಿನ್ ಕೂಡಲೇ ಬಣ್ಣ ಕೊಡುತ್ತದೆ. ತಡವಾಗಿ ಬರುವ ಬಣ್ಣ ಆಗಲೇ ಅಮೋನಿಯಕ್ಕೆ ಸಿಕ್ಕಿಬಿದ್ದ ಕ್ಲೋರಿನ್ನಿನದು. ಜನ ದೂರು ಕೊಟ್ಟ ವಾಸನೆಯೂ ಅದರದೇ. ಕ್ರಿಮಿಗಳನ್ನು ಅದೂ ಕೊಲ್ಲುತ್ತದೆ, ಆದರೆ ಬಹಳ ನಿಧಾನವಾಗಿ. ಅಷ್ಟು ಹೊತ್ತಿಗೆ ನೀರು ಲೋಟಕ್ಕೆ ಬಂದಿರುತ್ತದೆ.

ಸಂದೀಪ್ ಇನ್ನೂ ಕಚೇರಿಯಲ್ಲಿದ್ದರು. ಅವರನ್ನು ಕರೆತಂದು ಕಣ್ಣೆದುರೇ ಮತ್ತೊಮ್ಮೆ ಪರೀಕ್ಷೆ ಮಾಡಿ ತೋರಿಸಿದರು. ಸಂದೀಪ್ ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ಹೊತ್ತಿನಿಂದ ಹೀಗೆ?"

"ನಿನ್ನೆಯಿಂದ."

"ನಾನು ಪಂಪ್ ನಿಲ್ಲಿಸಿದರೆ ಆರು ಲಕ್ಷ ಜನ ನಾಳೆ ಬಕೆಟ್ ಹಿಡಿದು ರಸ್ತೆಗೆ ಬರುತ್ತಾರೆ. ಗೊತ್ತಲ್ಲ? ಇನ್ನೊಂದು ಯಂತ್ರ ತರಿಸಲಾ?"

"ಅದು ಬರೋದಕ್ಕೆ ವಾರ ಬೇಕು. ಕ್ಲೋರಿನ್ ಹೆಚ್ಚಿಸೋದಕ್ಕೆ ಆಗಲ್ಲ ಸರ್, ನೀರು ಕಡಿಮೆ ಮಾಡಬಹುದು. ಮೂರರಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡಿ. ಆಗ ಅಮೋನಿಯ ತೊಂಬತ್ತೇಳು ಕಿಲೋ. ನಮ್ಮಲ್ಲಿರೋ ಕ್ಲೋರಿನ್ ಹೆಚ್ಚುಕಡಿಮೆ ಅಷ್ಟಕ್ಕೇ ಆಗುತ್ತೆ."

"ಮಿಕ್ಕ ಎರಡು ಪಾಲು?"

"ಟ್ಯಾಂಕರ್. ಆಗಲೇ ಹೋಗಿರೋ ನೀರಿಗೆ, ಕುದಿಸಿ ಕುಡಿಯಿರಿ ಅಂತ ಇವತ್ತೇ ಪ್ರಕಟಣೆ."

"ಪ್ರಕಟಣೆ ಕೊಟ್ಟರೆ ಎರಡು ದಿನ ಏನು ಮಾಡ್ತಿದ್ರಿ ಅಂತ ಕೇಳ್ತಾರೆ."

"ಕೇಳಲಿ. ನಾನು ಇಂದು ಮಧ್ಯಾಹ್ನ ಲೆಕ್ಕ ಮಾಡಿ ಸುಮ್ಮನಾದೆ ಅಂತ ಬರೆದುಕೊಡ್ತೀನಿ."

ಸಂದೀಪ್ ಕೊಳವೆ ಕೆಳಗಿಟ್ಟು, ಪಂಪ್ ಮನೆಗೆ ತಾವೇ ಫೋನ್ ಮಾಡಿದರು.

ಗುರುವಾರ ಬೆಳಿಗ್ಗೆ ಟ್ಯಾಂಕರುಗಳ ಹಿಂದೆ ಜನ ಓಡಿದರು. ಒಂದು ಗಲ್ಲಿಯಲ್ಲಿ ಪೈಪಿಗಾಗಿ ಹೊಡೆದಾಟವಾಗಿ ಒಬ್ಬ ಮುದುಕನ ಕೈ ಮುರಿಯಿತು. ಶುಕ್ರವಾರ ಸಂಯುಕ್ತಾಳ ಪೀಜಿಯಲ್ಲಿ ಹನ್ನೊಂದು ಹುಡುಗಿಯರಿಗೆ ವಾಂತಿಭೇದಿ ಶುರುವಾಯಿತು. ಅವಳ ರೂಮಿನ ಅದಿತಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಭಾನುವಾರ ರತ್ನಪ್ರಭಾ ಅಲ್ಲಿಗೆ ಹೋದರು. ಅದಿತಿ ಡ್ರಿಪ್ಪಿನಡಿ ಕಣ್ಣು ಮುಚ್ಚಿ ಮಲಗಿದ್ದಳು, ತುಟಿ ಒಡೆದಿತ್ತು. ಮೆಸ್ಸಿನ ಊಟದಿಂದಲೂ ಆಗಿರಬಹುದು, ನೀರಿನಿಂದಲೂ ಆಗಿರಬಹುದು ಎಂದರು ಡಾಕ್ಟರು.

ಹೊರಗೆ ಕಾರಿಡಾರಿನಲ್ಲಿ ಸಂಯುಕ್ತಾ ಕೇಳಿದಳು, "ಅತ್ತೆ, ನಂಗೆ ಫೋನ್ ಮಾಡಿದಾಗ ಸಂಜೆ. ನಿಮಗೆ ಯಾವಾಗ ಗೊತ್ತಾಯ್ತು?"

"ಮಧ್ಯಾಹ್ನ ಎರಡಕ್ಕೆ."

"ಅದಿತಿ ಮೂರಕ್ಕೆ ಕ್ಲಾಸಿಂದ ಬಂದು ನಲ್ಲಿ ನೀರೇ ಕುಡಿದ್ಲು. ಆರ್‌ಓ ಫಿಲ್ಟರ್ ಕೆಟ್ಟಿತ್ತು."

ಅವಳು ದೂರಲೆಂದು ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ರತ್ನಪ್ರಭಾ ಬೆಂಚಿನ ಮೇಲೆ ಕುಳಿತರು. ಸಂಯುಕ್ತಾಳೂ ಪಕ್ಕದಲ್ಲಿ ಕುಳಿತಳು.

ಅದಿತಿ ನಾಲ್ಕು ದಿನಕ್ಕೆ ಗುಣವಾಗಿ ಊರಿಗೆ ಹೋದಳು. ವಿಚಾರಣೆಯಲ್ಲಿ ರತ್ನಪ್ರಭಾ ಬರೆದುಕೊಟ್ಟ ಕಾಗದವನ್ನು ಫೈಲಿಗೆ ಸೇರಿಸಿ, ಅವರಿಗೂ ಸಂದೀಪರಿಗೂ ಎಚ್ಚರಿಕೆಯ ಪತ್ರ ಕೊಟ್ಟರು. ಮನೋಜ್ ಈಗ ಚಹ ಮುಟ್ಟದೆ ಕೊಳವೆಯ ಎದುರೇ ನಿಲ್ಲುತ್ತಾನೆ. ಮೂರನೆಯ ಯಂತ್ರದ ಕಡತ ಎಲ್ಲಿದೆಯೋ ಯಾರಿಗೂ ತಿಳಿಯದು.

ಫೆಬ್ರುವರಿ ಮೊದಲ ವಾರ ನದಿಯ ಮೇಲ್ಭಾಗದ ಪರೀಕ್ಷಾ ಕೇಂದ್ರದಿಂದ ಫೋನ್ ಬಂತು. ಅಲ್ಲಿ ಅಮೋನಿಯ ನಾಲ್ಕು ದಾಟಿದೆ, ನೀರು ನಾಳೆ ಬೆಳಗಿನ ಹೊತ್ತಿಗೆ ನಿಮ್ಮಲ್ಲಿ ಮುಟ್ಟುತ್ತದೆ ಎಂದರು. ರತ್ನಪ್ರಭಾ ಪೆನ್ಸಿಲ್ ಎತ್ತಿಕೊಂಡರು. ಈ ಸಲ ನಾಲ್ಕರಲ್ಲಿ ಒಂದು ಪಾಲಿಗೂ ಕ್ಲೋರಿನ್ ಸಾಲದು. ಅವರು ಸಂಖ್ಯೆಯ ಕೆಳಗೆ ಹೆಸರು ಬರೆದು, ಹೊತ್ತು ಬರೆದು, ಸಂದೀಪರ ಕೋಣೆಯತ್ತ ನಡೆದರು.